ಗೆರೆಗಳು ಎರಡೂ ಕಡೆ ಸಮವಾಗಿದ್ದರೂ ಹಿಂದಿನ ಚಕ್ರ ಸೊಟ್ಟಗಿರುವುದೇಕೆ?

ಪ್ರಶ್ನೆ: ಬೈಕಿನ ಚೈನನ್ನು ನಾನೇ ಟೈಟ್ ಮಾಡಿದೆ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮ್‌ನ, ಮೇಲೆ ಚಕ್ರದ ಸ್ಥಾನ ತೋರಿಸುವ ಗೆರೆಗಳನ್ನು ಎರಡೂ ಕಡೆ ಸರಿಯಾಗಿ ಒಂದೇ ಮಟ್ಟಕ್ಕೆ ತಂದಿದ್ದೇನೆ. ಆದರೂ ಚೈನು ಕರಕರ ಸದ್ದು ಮಾಡುತ್ತದೆ, ಕೈ ಸಡಿಲಿಸಿದರೆ ಬೈಕು ಒಂದು ಬದಿಗೆ ಎಳೆಯುತ್ತದೆ. ತಪ್ಪಿದ್ದು ಎಲ್ಲಿ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ, ಆದರೂ ಪ್ರತಿ ಸಲವೂ ಬಿಡಿಸಿ ಹೇಳಲೇಬೇಕಾಗುತ್ತದೆ, ಏಕೆಂದರೆ ಗೆರೆಗಳ ಮೇಲಿನ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಗೆರೆಗಳು ಸಮವಾಗಿವೆ ಎಂದರೆ ಗೆರೆಗಳು ಸಮವಾಗಿವೆ ಎಂದಷ್ಟೇ ಅರ್ಥ. ಚಕ್ರ ನೇರವಾಗಿದೆ ಎಂಬುದಕ್ಕೆ ಅದು ಪುರಾವೆಯಲ್ಲ.

ಮೊದಲು ಸಡಿಲದ ಮಾತನ್ನು ಮುಗಿಸಿಬಿಡೋಣ. ನಮ್ಮ ದಿನಬಳಕೆಯ ಬೈಕುಗಳಲ್ಲಿ ಕೆಳಗಿನ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟವಿರಬೇಕು, ನಿಮ್ಮ ಬೈಕಿನ ನಿಖರ ಅಳತೆಯೂ, ಅದನ್ನು ಡಬಲ್ ಸ್ಟ್ಯಾಂಡ್ ಮೇಲೆ ನೋಡಬೇಕೋ ಸೈಡ್ ಸ್ಟ್ಯಾಂಡ್ ಮೇಲೋ ಎಂಬುದೂ ಬೈಕಿನ ಜೊತೆ ಬಂದ ಕೈಪಿಡಿಯಲ್ಲಿದೆ. ಚೈನು ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲವಾದ್ದರಿಂದ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಅತಿ ಬಿಗಿಯಾಗುವ ಜಾಗವನ್ನು ಹುಡುಕಿ, ಅಲ್ಲಿಯೇ ಅಳೆಯಿರಿ. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಎಂದೂ ಕೈಹಾಕಬೇಡಿ. ಚೈನಿಗೂ ಅದು ಹಾಯುವ ಹಲ್ಲಿನ ಚಕ್ರಕ್ಕೂ, ಅಂದರೆ ಸ್ಪ್ರಾಕೆಟಿಗೂ, ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.

ಈಗ ಗೆರೆಗಳ ವಿಷಯ. ಆ ಗೆರೆಯ ದಪ್ಪವೇ ಹತ್ತಿರ ಹತ್ತಿರ ಒಂದು ಮಿ.ಮೀ. ಇರುತ್ತದೆ. ಎಡಗಡೆಯದನ್ನು ನೀವು ಕುಳಿತು ನೋಡುತ್ತೀರಿ, ಬಲಗಡೆಯದನ್ನು ಸೈಲೆನ್ಸರ್ ಮೇಲಿಂದ ಬಗ್ಗಿ ನೋಡುತ್ತೀರಿ. ನೋಟದ ಕೋನ ಬದಲಾದಂತೆ ಗೆರೆಯೂ ಸರಿದಂತೆ ಕಾಣುತ್ತದೆ. ಚಕ್ರದ ಅಚ್ಚನ್ನು (ಆಕ್ಸಲ್) ಹಿಂದೆ ಮುಂದೆ ಸರಿಸುವ ಅಡ್ಜಸ್ಟರಿನ ತಗಡು ಹಿಂದೊಮ್ಮೆ ಯಾರದೋ ಸುತ್ತಿಗೆಯ ಏಟಿಗೆ ಬಗ್ಗಿರಬಹುದು. ಬೈಕು ಒಮ್ಮೆ ಬಿದ್ದಿದ್ದರೆ ಸ್ವಿಂಗ್ ಆರ್ಮೇ ಕೂದಲೆಳೆಯಷ್ಟು ತಿರುಚಿಕೊಂಡಿರಬಹುದು. ಇವುಗಳಲ್ಲಿ ಒಂದನ್ನೂ ಗೆರೆ ಹೇಳುವುದಿಲ್ಲ.

ಒಂದು ಮಿ.ಮೀ. ತಾನೇ ಎನ್ನುವವರಿಗಾಗಿ ಲೆಕ್ಕ ಹಾಕಿ ತೋರಿಸುತ್ತೇನೆ. ಎರಡು ಅಡ್ಜಸ್ಟರುಗಳ ನಡುವಿನ ಅಂತರ ಸುಮಾರು 200 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ಕಡೆ ಆಕ್ಸಲ್ 1 ಮಿ.ಮೀ. ಹಿಂದಿದ್ದರೆ ಚಕ್ರ ಪ್ರತಿ 200 ಮಿ.ಮೀ.ಗೆ 1 ಮಿ.ಮೀ. ಓರೆಯಾಯಿತು. ಎರಡು ಚಕ್ರಗಳ ನಡುವಿನ ದೂರ 1,300 ಮಿ.ಮೀ. ಆದರೆ, ಹಿಂದಿನ ಚಕ್ರ ನೋಡುತ್ತಿರುವ ದಿಕ್ಕು ಮುಂದಿನ ಚಕ್ರದ ಹತ್ತಿರ ಬರುವಷ್ಟರಲ್ಲಿ ಆರೂವರೆ ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ನೀವು ಹ್ಯಾಂಡಲ್ಲಿನಲ್ಲಿ ಅನುಭವಿಸುವ ಎಳೆತಕ್ಕೆ ಇಷ್ಟು ಸಾಕು.

ಬೇರೆಡೆ ಹೊಸ ಚೈನ್ ಹಾಕಿಸಿಕೊಂಡು, ಸದ್ದು ತಡೆಯಲಾರದೆ ನನ್ನ ಬಳಿಗೆ ಬಂದ ಬೈಕೊಂದು ನೆನಪಾಗುತ್ತದೆ. ಎರಡೂ ಕಡೆ ಆಕ್ಸಲ್ ಮೂರನೆಯ ಗೆರೆಯಲ್ಲೇ ಇತ್ತು. ಚೈನ್ ಕವರ್ ಬಿಚ್ಚಿ ಟಾರ್ಚ್ ಹಿಡಿದಾಗ, ಹಿಂದಿನ ಸ್ಪ್ರಾಕೆಟಿನ ಪ್ರತಿ ಹಲ್ಲಿನ ಎಡ ಪಕ್ಕ ಕನ್ನಡಿಯಂತೆ ಹೊಳೆಯುತ್ತಿತ್ತು. ಬಲ ಪಕ್ಕದಲ್ಲಿ ಮಾತ್ರ ಮೊದಲಿನ ಕಪ್ಪು ಬಣ್ಣ ಹಾಗೆಯೇ ಉಳಿದಿತ್ತು. ಅಳೆದು ನೋಡಿದರೆ ಆಕ್ಸಲಿನ ಎರಡು ಬದಿಗಳ ನಡುವೆ ಪೂರ್ತಿ 3 ಮಿ.ಮೀ. ವ್ಯತ್ಯಾಸ.

ಅಳೆಯುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಸ್ವಿಂಗ್ ಆರ್ಮ್ ಯಾವ ಬೋಲ್ಟಿನ ಮೇಲೆ ತೂಗುತ್ತದೆಯೋ ಆ ಬೋಲ್ಟಿನ ನಡುಬಿಂದುವಿನಿಂದ ಆಕ್ಸಲ್ ನಡುಬಿಂದುವಿನವರೆಗಿನ ದೂರ ಎರಡೂ ಬದಿಯಲ್ಲಿ ಒಂದೇ ಇರಬೇಕು. ನಾನು ಹಳೆಯ ಛತ್ರಿಯ ನೇರವಾದ ಕಡ್ಡಿಯೊಂದನ್ನು ಇಟ್ಟುಕೊಂಡಿದ್ದೇನೆ. ತುದಿಯನ್ನು ಬೋಲ್ಟಿನ ನಡುವಿಗೆ ಊರಿ, ಕಡ್ಡಿಗೆ ತೊಡಿಸಿದ ಸೈಕಲ್ಲಿನ ವಾಲ್ ಟ್ಯೂಬಿನ ತುಂಡನ್ನು ಆಕ್ಸಲ್ ನಡುವಿನವರೆಗೆ ಸರಿಸಿ, ಅದನ್ನು ಅಲುಗಿಸದೆ ಇನ್ನೊಂದು ಬದಿಗೆ ಒಯ್ದು ಹಿಡಿದರೆ ಅರ್ಧ ಮಿ.ಮೀ. ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಅದಾದ ಮೇಲೆ ಹಿಂದಿನ ಸ್ಪ್ರಾಕೆಟಿನ ಹಿಂದೆ ಕುಳಿತು ಚೈನಿನ ಮೇಲ್ಭಾಗವನ್ನು ಒಂದೇ ಕಣ್ಣಿನಿಂದ ನೋಡಿ. ಅದು ಸ್ಪ್ರಾಕೆಟಿನಿಂದ ಹೊರಬರುವಲ್ಲಿ ಪಕ್ಕಕ್ಕೆ ಮುರಿಯದೆ ನೇರ ಓಡಬೇಕು. ಇದಕ್ಕೆಲ್ಲ ಮುಂಚೆ ಚಕ್ರವನ್ನು ಹಿಡಿದು ಅಡ್ಡಡ್ಡ ಅಲುಗಿಸಿ ನೋಡುವುದನ್ನು ಮರೆಯಬೇಡಿ. ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ಸವೆದಿದ್ದರೆ ಯಾವ ಅಳತೆಯೂ ನಿಲ್ಲುವುದಿಲ್ಲ.

ಕೊನೆಯಲ್ಲಿ ಆಕ್ಸಲ್ ನಟ್ ಬಿಗಿಮಾಡುವಾಗಲೇ ಬಹಳಷ್ಟು ಜನ ಮಾಡಿದ ಕೆಲಸವನ್ನು ಕೆಡಿಸಿಕೊಳ್ಳುತ್ತಾರೆ, ಏಕೆಂದರೆ ಸ್ಪ್ಯಾನರಿನ ಎಳೆತಕ್ಕೆ ಆಕ್ಸಲ್ ಸರಿಯುತ್ತದೆ. ಮಡಿಸಿದ ಬಟ್ಟೆಯ ತುಂಡನ್ನು ಚೈನಿಗೂ ಹಿಂದಿನ ಸ್ಪ್ರಾಕೆಟಿಗೂ ನಡುವೆ ಇಟ್ಟು, ಅದು ಸಿಕ್ಕಿಕೊಳ್ಳುವಷ್ಟು ಮಾತ್ರ ಚಕ್ರವನ್ನು ಕೈಯಿಂದ ತಿರುಗಿಸಿದರೆ ಆಕ್ಸಲ್ ಮುಂದಕ್ಕೆ ಎಳೆದುಕೊಂಡು ಅಡ್ಜಸ್ಟರುಗಳಿಗೆ ಒತ್ತಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಬಿಗಿಮಾಡಿ, ಕಡ್ಡಿಯಿಂದ ಮತ್ತೊಮ್ಮೆ ಅಳೆಯಿರಿ. ಡ್ರಮ್ ಬ್ರೇಕ್ ಇರುವ ಬೈಕಾದರೆ ಚಕ್ರ ಹಿಂದೆ ಸರಿದಷ್ಟೂ ಬ್ರೇಕ್ ರಾಡ್ ಬಿಗಿಯಾಗುವುದರಿಂದ, ಪೆಡಲಿನ ಆಟವನ್ನೂ ಸರಿಪಡಿಸಿದ ಮೇಲೆಯೇ ರಸ್ತೆಗಿಳಿಯಿರಿ.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕು. ಅಡ್ಜಸ್ಟರ್ ಕೊನೆ ಮುಟ್ಟಿದಾಗ ಎರಡು ಲಿಂಕ್ ಕತ್ತರಿಸಿ ಅದೇ ಚೈನನ್ನು ಮತ್ತೆ ಜೋಡಿಸುವ ಪದ್ಧತಿ ನಮ್ಮಲ್ಲಿದೆ. ಚೈನು ರಬ್ಬರಿನಂತೆ ಹಿಗ್ಗಿ ಉದ್ದವಾದದ್ದಲ್ಲ. ಪ್ರತಿ ಪಿನ್ನೂ ಪ್ರತಿ ಬುಷ್ಷೂ ಸವೆದು, ಪ್ರತಿ ಲಿಂಕಿನ ಅಂತರವೂ ಹೆಚ್ಚಾಗಿರುತ್ತದೆ. ನಮ್ಮ ಸಣ್ಣ ಬೈಕುಗಳಲ್ಲಿ ಹೆಚ್ಚಾಗಿ ಬಳಸುವ, 428 ಎಂಬ ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ., ಅಂದರೆ 20 ಅಂತರಗಳಿಗೆ 254 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಅಳೆದಾಗ ಅದು 259ರ ಹತ್ತಿರ ಬಂದಿದ್ದರೆ, ಎರಡಲ್ಲ ಇಪ್ಪತ್ತು ಲಿಂಕ್ ತೆಗೆದರೂ ಉಳಿದವು ಸ್ಪ್ರಾಕೆಟಿನ ಹಲ್ಲಿನ ಅಂತರಕ್ಕೆ ಹೊಂದುವುದಿಲ್ಲ. ಆಗ ಚೈನನ್ನೂ ಎರಡು ಸ್ಪ್ರಾಕೆಟುಗಳನ್ನೂ ಒಟ್ಟಿಗೆ ಬದಲಿಸಿ. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗನೆ ಸವೆಯುತ್ತದೆ.