ವಸಡಿನ ಪ್ರೊಬಯಾಟಿಕ್ ಮಾತ್ರೆ: ಚೀಪುವ ಮೊದಲು

"ಇದನ್ನು ಚೀಪಿದರೆ ವಸಡಿನ ರಕ್ತ ನಿಲ್ಲುತ್ತದಂತೆ, ಹೌದಾ ಡಾಕ್ಟರೇ?" ಬದಿಯಡ್ಕದ ನನ್ನ ಕ್ಲಿನಿಕ್ಕಿನಲ್ಲಿ ಪ್ರೊಬಯಾಟಿಕ್ ಮಾತ್ರೆಯ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆಯ, ಡಬ್ಬಿ ಹಿಡಿದು ಹೀಗೆ ಕೇಳುವವರಿದ್ದಾರೆ. ಡಬ್ಬಿ ಹೆಚ್ಚಾಗಿ ಗಲ್ಫಿನಲ್ಲಿರುವ ಮಗ ತಂದುಕೊಟ್ಟದ್ದು. ನಾನು ಮೊದಲು ಬಾಯಿ ತೆರೆಯಲು ಹೇಳುತ್ತೇನೆ.

ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ಕನ್ನಡಿಯಲ್ಲಿ ತೋರಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎಲೆಯಡಿಕೆ ಹಾಕುವವರಲ್ಲಂತೂ ಹಲ್ಲಿನ ಸಂದುಗಳೇ ಮುಚ್ಚಿಹೋಗುವಷ್ಟು ಕಂದು ಪದರ ಕೂತಿರುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಗಟ್ಟಿಯಾದ ಪಾಚಿ ಅದು; ವಸಡಿನಿಂದ ರಕ್ತ ಬರುವುದು ಹೆಚ್ಚಾಗಿ ಅದರಿಂದಲೇ. ಬ್ರಷ್ಷಿಗೆ ಬಗ್ಗುವುದಿಲ್ಲ, ಯಾವ ಒಳ್ಳೆಯ ಬ್ಯಾಕ್ಟೀರಿಯಾವೂ ಅದನ್ನು ಕರಗಿಸುವುದಿಲ್ಲ; ಸ್ಕೇಲಿಂಗ್ ಮಾಡಿಯೇ, ಅಂದರೆ ಉಪಕರಣದಿಂದ ಕೆರೆದೇ ತೆಗೆಯಬೇಕು. ಹಾಗೆ ತೆಗೆಸಿದರೆ ಹಲ್ಲು ಅಲುಗಾಡುತ್ತದೆ ಎಂಬ ಹೆದರಿಕೆ ಹಳೆಯದು. ಒಳಗಿನ ಎಲುಬು ಎಂದೋ ಸವೆದು, ಹಲ್ಲನ್ನು ಆ ಪದರವೇ ಹಿಡಿದುಕೊಂಡಿದ್ದರೆ ಅಲುಗಾಟ ಆಗ ಗೊತ್ತಾಗುತ್ತದೆ, ಅಷ್ಟೆ. ಬೀಡಿ ಸೇದುವವರಲ್ಲಿ ರಕ್ತ ಬರುವುದೇ ಕಡಿಮೆ. ವಸಡಿನ ರೋಗ ಸದ್ದಿಲ್ಲದೆ ಬೆಳೆದಿರುತ್ತದೆ.

ಇನ್ನು ಮಾತ್ರೆ. ವಸಡಿಗಾಗಿ ಹೆಚ್ಚು ಪರೀಕ್ಷೆಗೊಳಗಾದದ್ದು ಲ್ಯಾಕ್ಟೋಬ್ಯಾಸಿಲಸ್ ರಾಯ್ಟೆರಿ ಎಂಬ ಬ್ಯಾಕ್ಟೀರಿಯಾ. ಅದು ರೋಗಾಣುಗಳೊಂದಿಗೆ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಸ್ಕೇಲಿಂಗ್ ಜೊತೆಗೆ ಕೊಟ್ಟಾಗ ಕೆಲವು ಅಧ್ಯಯನಗಳಲ್ಲಿ ರಕ್ತಸ್ರಾವವೂ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳವೂ ತುಸು ಹೆಚ್ಚು ಇಳಿದಿವೆ, ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಯುರೋಪಿನ ವಸಡುತಜ್ಞರ ಒಕ್ಕೂಟ 2020ರ ಮಾರ್ಗಸೂಚಿಯಲ್ಲಿ ಇದನ್ನು ಬಳಸದಿರುವುದೇ ಲೇಸು ಎಂದಿತು. ನಾನೂ ಬರೆದುಕೊಡುವುದಿಲ್ಲ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಆ ಬ್ಯಾಕ್ಟೀರಿಯಾ ಬಾಯಿಯಲ್ಲಿ ಉಳಿದಿರುವುದಿಲ್ಲ. ಮತ್ತೆ ಡಬ್ಬಿ ಕೊಳ್ಳಬೇಕು.

ತಂದಾಗಿದೆ, ಎಸೆಯಲು ಮನಸ್ಸಿಲ್ಲ ಎನ್ನುವವರು ಸ್ಕೇಲಿಂಗ್ ಆದ ಮೇಲೆ, ರಾತ್ರಿ ಹಲ್ಲುಜ್ಜಿ, ಬಾಯಲ್ಲೇ ನಿಧಾನವಾಗಿ ಕರಗಿಸಿಕೊಳ್ಳಲಿ. ನೀರಿನೊಂದಿಗೆ ನುಂಗಿದರೆ ಅದು ವಸಡಿನ ಹತ್ತಿರ ನಿಲ್ಲುವುದೇ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸುವ ದಿನಗಳಲ್ಲಿ ದಂಡ, ಅದು ಇದನ್ನೂ ಕೊಲ್ಲುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ದಿನಾ ಮಜ್ಜಿಗೆ ಕುಡಿಯುತ್ತೇವಲ್ಲ, ಅದರಲ್ಲೂ ಒಳ್ಳೆಯ ಬ್ಯಾಕ್ಟೀರಿಯಾ ಇದೆಯಲ್ಲ ಎಂದು ಕೇಳುವವರಿಗೆ: ಕುಡಿಯಿರಿ, ಊಟಕ್ಕೆ ಒಳ್ಳೆಯದು, ವಸಡಿನ ಲೆಕ್ಕಕ್ಕೆ ಬೇಡ.

ಸಕ್ಕರೆ ಕಾಯಿಲೆ ಇರುವವರ ವಿಷಯ ಬೇರೆ. ಏರಿದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಅಂಥವರಿಗೆ ಆ ಡಬ್ಬಿಯ ದುಡ್ಡಿನಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ) ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನುತ್ತೇನೆ.