ಶಾಲೆ ಮುಚ್ಚಿತು, ಮಕ್ಕಳನ್ನು ಒಯ್ಯುವುದು ನಿಲ್ಲಲಿಲ್ಲ

ಸೆಪ್ಟೆಂಬರ್ 30 ಬಂದರೆ ಕೆನಡಾದಲ್ಲಿ ಚಿಕ್ಕವರು, ದೊಡ್ಡವರು ಅನ್ನದೆ ಎಷ್ಟೋ ಜನ ಕಿತ್ತಳೆ ಬಣ್ಣದ ಅಂಗಿ ಹಾಕುತ್ತಾರೆ. ಟೊರಾಂಟೊ, ಬ್ರಾಂಪ್ಟನ್ ಕಡೆಯ ಕನ್ನಡದ ಮನೆಗಳ ಮಕ್ಕಳಿಗೂ ಇದು ಗೊತ್ತು. 1973ರಲ್ಲಿ ಫಿಲ್ಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿ, ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ಹಾಕಿಕೊಂಡು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ನಡೆಸುತ್ತಿದ್ದ ಒಂದು ವಸತಿ ಶಾಲೆಗೆ ಹೋದಳು. ಮೊದಲ ದಿನವೇ ಅಂಗಿ ಬಿಚ್ಚಿಸಿಕೊಂಡರು, ಮತ್ತೆ ಕೊಡಲೇ ಇಲ್ಲ. ಆ ನೆನಪಿಗೇ ಈ ಕಿತ್ತಳೆ ಅಂಗಿ.

ಹಳೇ ಕಥೆ, ಇನ್ನೂ ಯಾಕೆ ಅದನ್ನೇ ಹೇಳ್ತಾರೆ ಅಂತ ಕೇಳುವವರು ಅಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಅದು ಮುಗಿದಿಲ್ಲ, ಅದಕ್ಕೇ ಹೇಳ್ತಾರೆ.

ಟೊರಾಂಟೊದಿಂದ ಸುಮಾರು 100 ಕಿಲೋಮೀಟರ್ ದೂರದ ಬ್ರಾಂಟ್‌ಫರ್ಡ್‌ನಲ್ಲಿ ಮೊಹಾಕ್ ಇನ್‌ಸ್ಟಿಟ್ಯೂಟ್ 1831ರಲ್ಲೇ ಮಕ್ಕಳನ್ನು ಇಟ್ಟುಕೊಳ್ಳಲು ಶುರು ಮಾಡಿತ್ತು. ದಿನಾ ಬಡಿಸುತ್ತಿದ್ದ ಗಂಜಿಯಿಂದಾಗಿ ಅಲ್ಲಿ ಇದ್ದವರು ಅದನ್ನು 'ಮಶ್ ಹೋಲ್' ಅಂತಲೇ ಕರೆಯುತ್ತಿದ್ದರು. ಸರ್ಕಾರ ಪೂರ್ತಿಯಾಗಿ ಕೈ ಹಾಕಿದ್ದು 1883ರಲ್ಲಿ, ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಕಾಲದಲ್ಲಿ. ಅವರ ಲೆಕ್ಕ ಸರಳವಾಗಿತ್ತು: ಶಾಲೆ ಮನೆ ಹತ್ತಿರ ಇದ್ದರೆ ಮಗು ಓದು ಕಲಿತರೂ ಅಪ್ಪ ಅಮ್ಮನ ಹಾಗೇ ಉಳಿದುಬಿಡುತ್ತದೆ, ಆದ್ದರಿಂದ ದೂರ ಒಯ್ಯಬೇಕು. ದುಡ್ಡು ಸರ್ಕಾರದ್ದು, ಆಡಳಿತ ಚರ್ಚ್‌ಗಳದ್ದು. 1920ರಲ್ಲಿ ಕಾನೂನು ತಿದ್ದಿ ಹಾಜರಿ ಕಡ್ಡಾಯ ಮಾಡಿದರು. ಕಳಿಸದ ಅಪ್ಪ ಅಮ್ಮನಿಗೆ ಶಿಕ್ಷೆ, ಮಗುವನ್ನು ಹಿಡಿದು ತರಲು ಪೊಲೀಸರು. ಒಟ್ಟು ಸುಮಾರು 1,50,000 ಮಕ್ಕಳು ಈ ಶಾಲೆಗಳನ್ನು ಹಾದುಹೋದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದ ಕೊನೆಗೆ, ಅಂದರೆ ಅಲ್ಲಿ ಓದಿದವರಲ್ಲಿ ಎಷ್ಟೋ ಜನಕ್ಕೆ ಈಗಿನ್ನೂ ನಲವತ್ತು, ಐವತ್ತು ವಯಸ್ಸು.

ಯಾರಿಗೂ ಗೊತ್ತಿರಲಿಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1907ರಲ್ಲೇ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಸರ್ಕಾರಿ ಇಲಾಖೆಯ ವೈದ್ಯಾಧಿಕಾರಿ ಪೀಟರ್ ಬ್ರೈಸ್ ಈ ಶಾಲೆಗಳನ್ನು ನೋಡಿ ವರದಿ ಕೊಟ್ಟಿದ್ದರು. ಗಾಳಿ ಆಡದ ಕೋಣೆಗಳು, ಟಿಬಿ ಬಂದ ಮಕ್ಕಳ ಪಕ್ಕದಲ್ಲೇ ಆರೋಗ್ಯವಾಗಿದ್ದವರ ಹಾಸಿಗೆ, ಮಾಹಿತಿ ಸಿಕ್ಕ 15 ಶಾಲೆಗಳಲ್ಲಿ ಕಾಲು ಭಾಗದಷ್ಟು ಮಕ್ಕಳ ಸಾವು. ಇಲಾಖೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಿವೃತ್ತರಾದ ಮೇಲೆ 1922ರಲ್ಲಿ ಬ್ರೈಸ್ ಅದನ್ನೆಲ್ಲ ಅಚ್ಚು ಹಾಕಿಸಿ ಜನರ ಮುಂದಿಟ್ಟರು. ಆದರೂ ಶಾಲೆಗಳು ನಡೆದವು. 1966ರ ಅಕ್ಟೋಬರ್‌ನಲ್ಲಿ 12 ವರ್ಷದ ಚೇನಿ ವೆಂಜ್ಯಾಕ್ ಕೆನೋರಾದ ಶಾಲೆಯಿಂದ ತಪ್ಪಿಸಿಕೊಂಡು, ಸುಮಾರು 600 ಕಿಲೋಮೀಟರ್ ಆಚೆಗಿದ್ದ ಮನೆ ಕಡೆ ರೈಲು ಹಳಿ ಹಿಡಿದು ನಡೆದ. ಹಳಿ ಪಕ್ಕದಲ್ಲೇ ಚಳಿಗೆ ಪ್ರಾಣ ಬಿಟ್ಟ.

ಬದುಕಿ ಮನೆಗೆ ಬಂದವರ ಕಥೆಯೇ ಇವತ್ತಿಗೂ ಮುಂದುವರಿದಿರುವುದು. ಐದು, ಆರು ವರ್ಷಕ್ಕೆ ಹೋಗಿ ಹದಿನೈದು, ಹದಿನಾರಕ್ಕೆ ವಾಪಸ್ ಬಂದ ಹುಡುಗಿ ತಾಯಿಯಾದಾಗ, ಅಳುವ ಮಗುವನ್ನು ಹೇಗೆ ಸಮಾಧಾನ ಮಾಡಬೇಕು ಅಂತ ಅವಳಿಗೆ ತೋರಿಸಿಕೊಟ್ಟವರು ಯಾರು? ಅವಳು ನೋಡಿದ್ದು ಗಂಟೆ, ಸಾಲು, ಹೊಡೆತ. ಎಷ್ಟೋ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೂ ನಡೆದಿತ್ತು. ಆ ನೋವು ಮರೆಯಲು ಕೆಲವರು ಕುಡಿತಕ್ಕೆ ಬಿದ್ದರು. ತಮ್ಮ ಭಾಷೆ ಆಡಿದ್ದಕ್ಕೆ ಹೊಡೆತ ತಿಂದವರು, ನಮ್ಮ ಮಕ್ಕಳಿಗೆ ಆ ಗತಿ ಬೇಡ ಅಂತ ಮನೆಯಲ್ಲಿ ಬೇಕಂತಲೇ ಇಂಗ್ಲಿಷ್ ಮಾತಾಡಿದರು. 2021ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 18 ಲಕ್ಷ ಮೂಲನಿವಾಸಿಗಳಲ್ಲಿ ತಮ್ಮ ಭಾಷೆಯಲ್ಲಿ ಮಾತಾಡಬಲ್ಲವರು 2.4 ಲಕ್ಷಕ್ಕಿಂತ ಕಡಿಮೆ.

ಇಷ್ಟೆಲ್ಲ ಮಾಡಿದ ಸರ್ಕಾರವೇ ಆಮೇಲೆ ಅದೇ ಮನೆಗಳಿಗೆ ಬಂದು, ನಿಮಗೆ ಮಕ್ಕಳನ್ನು ಸಾಕಲು ಬರುವುದಿಲ್ಲ ಅಂದಿತು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಸಿಟ್ಟು ಬರುವುದು ಇಲ್ಲೇ. 1951ರಲ್ಲಿ ಕಾನೂನು ಬದಲಾಗಿ ಪ್ರಾಂತ್ಯಗಳ ಮಕ್ಕಳ ರಕ್ಷಣಾ ಇಲಾಖೆಗಳಿಗೆ ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲೂ ಅಧಿಕಾರ ಸಿಕ್ಕಿತು. ನಂತರದ ದಶಕಗಳಲ್ಲಿ ಸಾವಿರಾರು ಮಕ್ಕಳನ್ನು ಎತ್ತಿಕೊಂಡು ಹೋಗಿ ಬಿಳಿಯರ ಮನೆಗಳಿಗೆ ದತ್ತು ಕೊಟ್ಟರು. ಬಡತನವನ್ನೂ, ಕಿಕ್ಕಿರಿದ ಮನೆಯನ್ನೂ ಅಪ್ಪ ಅಮ್ಮನ ಅಸಡ್ಡೆ ಅಂತಲೇ ಬರೆದುಕೊಂಡರು. ಈಗ ಅದರ ಹೆಸರು ಫಾಸ್ಟರ್ ಕೇರ್, ಅಂದರೆ ಮಗುವನ್ನು ಬೇರೆಯವರ ಮನೆಯಲ್ಲಿ ಸಾಕಲು ಬಿಡುವುದು. 2021ರ ಜನಗಣತಿ ಪ್ರಕಾರ ದೇಶದ 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7 ಮಾತ್ರ, ಫಾಸ್ಟರ್ ಕೇರ್‌ನಲ್ಲಿ ಇರುವವರಲ್ಲಿ ಶೇ. 53.8.

ಕ್ಷಮೆಯೇನೋ ಸಿಕ್ಕಿದೆ. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್, 2022ರಲ್ಲಿ ಆಲ್ಬರ್ಟಾಕ್ಕೆ ಬಂದು ಪೋಪ್ ಫ್ರಾನ್ಸಿಸ್ ಕ್ಷಮೆ ಕೇಳಿದರು. ಮರ್ರೆ ಸಿಂಕ್ಲೇರ್ ನೇತೃತ್ವದ ಸತ್ಯ ಮತ್ತು ಸಾಮರಸ್ಯ ಆಯೋಗ ಸಾವಿರಾರು ಜನರ ಮಾತು ಕೇಳಿ, ಇದು ಸಾಂಸ್ಕೃತಿಕ ನರಮೇಧ ಎಂದು 2015ರಲ್ಲಿ ಹೇಳಿ, ಮಾಡಬೇಕಾದ 94 ಕೆಲಸಗಳ ಪಟ್ಟಿ ಕೊಟ್ಟಿತು. ಆ ಪಟ್ಟಿಯಲ್ಲಿ ಮೊದಲನೆಯದು ಶಾಲೆಯ ಬಗ್ಗೆ ಅಲ್ಲ, ಮಕ್ಕಳ ರಕ್ಷಣಾ ವ್ಯವಸ್ಥೆಯ ಬಗ್ಗೆ. ಮನೆಯಿಂದ ಒಯ್ಯುವ ಮೂಲನಿವಾಸಿ ಮಕ್ಕಳ ಸಂಖ್ಯೆ ಕಡಿಮೆ ಮಾಡಿ ಅಂತ.

2021ರ ಮೇ ತಿಂಗಳಲ್ಲಿ ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ವಸತಿ ಶಾಲೆಯ ಜಾಗದಲ್ಲಿ ರಾಡಾರ್ ಪರೀಕ್ಷೆ ಮಾಡಿದಾಗ ಸಮಾಧಿಗಳಿರಬಹುದು ಎನ್ನುವ ಗುರುತು ಸಿಕ್ಕಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಮುಂದಿನ ತಿಂಗಳು ಸಸ್ಕಾಚೆವಾನ್ ಪ್ರಾಂತ್ಯದ ಕವೆಸೆಸ್ ಎಂಬ ಮೂಲನಿವಾಸಿ ಸಮುದಾಯದವರು ಮ್ಯಾರಿವಲ್ ಶಾಲೆ ಇದ್ದ ಕಡೆ ಗುರುತಿಲ್ಲದ 751 ಸಮಾಧಿಗಳ ವಿಷಯ ಹೇಳಿದರು. ಅಲ್ಲಿ ದೊಡ್ಡವರದ್ದೂ ಇರಬಹುದು ಅಂತ ಅವರೇ ತಿಳಿಸಿದ್ದರು.

ಅದೇ ವರ್ಷದ ಜುಲೈನಲ್ಲಿ ಅದೇ ಕವೆಸೆಸ್, ತನ್ನ ಮಕ್ಕಳ ಪಾಲನೆಯ ವಿಷಯ ತಾನೇ ತೀರ್ಮಾನಿಸುವ ಒಪ್ಪಂದವನ್ನು ಸರ್ಕಾರದ ಜೊತೆ ಮಾಡಿಕೊಂಡಿತು. ಹೊಸ ಕಾನೂನಿನಡಿ ಹಾಗೆ ಮಾಡಿಕೊಂಡವರಲ್ಲಿ ಅವರೇ ಮೊದಲಿಗರು. ಆ ಕಾನೂನನ್ನು ಕ್ವಿಬೆಕ್ ಪ್ರಾಂತ್ಯ ಕೋರ್ಟಿನಲ್ಲಿ ಪ್ರಶ್ನಿಸಿತ್ತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಎತ್ತಿ ಹಿಡಿಯಿತು.