ಮುಸಾಂಗ್ ಕಿಂಗ್ ದುರಿಯನ್‌ಗೆ ಯಾಕೆ ಅಷ್ಟು ರೇಟು, ನಮ್ಮ ತೋಟದಲ್ಲಿ ಹಾಕಬಹುದಾ?

ಓದುಗರ ಪ್ರಶ್ನೆ: ಮಗ ಕೌಲಾಲಂಪುರದಲ್ಲಿ ಇದ್ದಾನೆ. ಅಲ್ಲಿ ಮುಸಾಂಗ್ ಕಿಂಗ್ ಅಂತ ಒಂದು ದುರಿಯನ್ ಹಣ್ಣು ಉಂಟಂತೆ, ಬಾಕಿ ದುರಿಯನ್‌ಗಿಂತ ಎಷ್ಟೋ ಪಾಲು ಜಾಸ್ತಿ ರೇಟಂತೆ, ಆದ್ರೂ ಜನ ಕ್ಯೂ ನಿಂತು ತಿಂತಾರಂತೆ. ಫೋಟೋದಲ್ಲಿ ನೋಡುವಾಗ ನಮ್ಮ ಹಲಸಿನ ಹಾಗೇ ಕಾಣ್ತದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಸಾಕಾಗಿ ಹೋಗಿದೆ, ಒಂದೆಕರೆ ಅದನ್ನೇ ಹಾಕಿದ್ರೆ ಹೇಗೆ? (ಕಾರ್ಕಳ ಕಡೆಯ ಕೃಷಿಕರೊಬ್ಬರು)

ಉತ್ತರ: ಮೊದ್ಲೇ ಹೇಳಿಬಿಡ್ತೇನೆ, ಹಾಕಿ, ಆದ್ರೆ ಒಂದೆಕರೆ ಬೇಡ, ನಾಲ್ಕೈದು ಗಿಡ ಸಾಕು. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಆ ರೇಟು ಎಲ್ಲಿಂದ ಬಂತು ಅಂತ ನೋಡ್ಬೇಕಾಗ್ತದೆ.

ಮಲೇಷ್ಯಾದಲ್ಲಿ ದುರಿಯನ್ ಮರ ಹಳ್ಳಿ ಹಳ್ಳಿಯಲ್ಲೂ ಉಂಟು. ಬೀಜದಿಂದ ಹುಟ್ಟಿದ ಆ ಊರ ದುರಿಯನ್ ಮರ ಒಂದೊಂದರದ್ದು ಒಂದೊಂದು ರುಚಿ, ಸೀಸನಲ್ಲಿ ರಸ್ತೆ ಬದಿ ರಾಶಿ ಹಾಕಿ ಕಡಿಮೆಗೆ ಮಾರ್ತಾರೆ. ಮುಸಾಂಗ್ ಕಿಂಗ್ ಅಂದ್ರೆ ಕೆಲಂತನ್ ರಾಜ್ಯದಿಂದ ಬಂದ ಒಂದೇ ತಳಿ, ಅಲ್ಲಿನ ಕೃಷಿ ಇಲಾಖೆ 1993ರಲ್ಲಿ ಡಿ197 ಅಂತ ನಂಬರ್ ಕೊಟ್ಟು ರಿಜಿಸ್ಟರ್ ಮಾಡಿದ್ದು, ತೋಟದಲ್ಲಿ ಇರುವುದೆಲ್ಲ ಕಸಿ ಗಿಡ. ಹಾಗಾಗಿ ಪಹಾಂಗ್ ರಾಜ್ಯದ ರೌಬ್‌ನಲ್ಲಿ ತೆಗೊಂಡ್ರೂ ಜೊಹೊರ್‌ನಲ್ಲಿ ತೆಗೊಂಡ್ರೂ ಏನು ಸಿಗ್ತದೆ ಅಂತ ಗಿರಾಕಿಗೆ ಮೊದ್ಲೇ ಗೊತ್ತು, ದುಡ್ಡು ಕೊಡುವುದು ಆ ಖಾತ್ರಿಗೆ. ನಮಗೂ ಇದು ಹೊಸ ವಿಷಯ ಏನಲ್ಲ, ಕಾಟು ಮಾವಿನಹಣ್ಣಿಗೆ ಒಂದು ರೇಟು, ಮುಂಡಪ್ಪ ಅನ್ನುವ ಮಾವಿನ ತಳಿಗೆ ಒಂದು ರೇಟು, ಮಾರ್ಕೆಟಿಗೆ ಮುಂಡಪ್ಪ ಬಂತು ಅಂದ್ರೆ ಗೊತ್ತಿದ್ದವರು ಚೌಕಾಸಿ ಮಾಡದೆ ತೆಗೊಂಡು ಹೋಗ್ತಾರೆ. ಅಲ್ಲಿ ಮೊದ್ಲು ಡಿ24 ಅಂತ ಇನ್ನೊಂದು ತಳಿಗೆ ದೊಡ್ಡ ಹೆಸರಿತ್ತು, ಅದನ್ನು ಮುಸಾಂಗ್ ಕಿಂಗ್ ಹಿಂದೆ ಹಾಕಿತು, ಈಗ 2015ರಲ್ಲಿ ರಿಜಿಸ್ಟರ್ ಆದ ಪೆನಾಂಗ್ ಕಡೆಯ ಬ್ಲ್ಯಾಕ್ ಥಾರ್ನ್ ಇದಕ್ಕೇ ಪೈಪೋಟಿ ಕೊಡ್ತಾ ಉಂಟು.

ಗುರ್ತು ಹೇಗೆ ಅಂದ್ರೆ ಹಣ್ಣನ್ನು ಮಗುಚಿ ಅಡಿ ನೋಡಿ, ಅಲ್ಲಿ ಮುಳ್ಳು ಚಪ್ಪಟೆಯಾಗಿ ಐದು ಗೆರೆ ನಕ್ಷತ್ರದ ಆಕಾರದಲ್ಲಿ ಬಂದು ಕೂಡಿರ್ತದೆ. ಆ ಗೆರೆಯಲ್ಲೇ ಕತ್ತಿಯ ತುದಿ ತೂರಿಸಿ ತಿರುಗಿಸಿದ್ರೆ ಹಣ್ಣು ಬಾಯಿ ಬಿಡ್ತದೆ, ಹಲಸಿನ ಹಾಗೆ ಮೇಣ ಇಲ್ಲ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವ ಕೆಲಸ ಇಲ್ಲ. ಒಳಗೆ ಅರಶಿನ ಬಣ್ಣದ ಸೊಳೆ, ಬೆರಳಲ್ಲಿ ಒತ್ತಿದ್ರೆ ಮೇಲಿನ ತೆಳು ಪೊರೆ ಒಡೆದು ತಿರುಳು ಬೆರಳಿಗೇ ಬರ್ತದೆ, ನಾರು ಅನ್ನುವುದೇ ಇಲ್ಲ, ಬೀಜ ಹೆಚ್ಚಿನದ್ರಲ್ಲಿ ಚಪ್ಪಟೆಯಾಗಿ ಮುದುಡಿರ್ತದೆ. ಮೊದ್ಲು ಸಿಹಿ, ಹಿಂದಿನಿಂದ ಒಂದು ಸಣ್ಣ ಕಹಿ. ಆ ಕಹಿಗೇ ಅಲ್ಲಿ ಬೆಲೆ, ಹಳೆ ಮರದ ಹಣ್ಣಲ್ಲಿ ಅದು ಜಾಸ್ತಿ ಅಂತ ಅಲ್ಲಿನವರು ಹುಡುಕಿಕೊಂಡು ಹೋಗಿ ತಿಂತಾರೆ.

ವಾಸನೆ ಬಗ್ಗೆ ನಿಮ್ಮ ಮಗ ಹೇಳಿಯೇ ಇರ್ತಾರೆ, ಸಿಂಗಾಪುರದ ಮೆಟ್ರೋ ರೈಲಿನಲ್ಲಿ ದುರಿಯನ್ ಹಿಡ್ಕೊಂಡು ಹತ್ಲಿಕ್ಕೇ ಬಿಡುವುದಿಲ್ಲ. 2017ರಲ್ಲಿ ಸಿಂಗಾಪುರದ ವಿಜ್ಞಾನಿಗಳು ದುರಿಯನ್‌ನ ಇಡೀ ಜೀನೋಮ್, ಅಂದ್ರೆ ಅದರ ಎಲ್ಲ ಜೀನ್‌ಗಳ ಪೂರ್ತಿ ಬರಹ, ಓದಿದ್ರು, ಅವ್ರು ತೆಗೊಂಡದ್ದು ಇದೇ ಮುಸಾಂಗ್ ಕಿಂಗನ್ನು. ಸುಮಾರು 46,000 ಜೀನ್ ಸಿಕ್ಕಿತು, ಅದ್ರಲ್ಲಿ ಗಂಧಕದ ವಾಸನೆ ಹುಟ್ಟಿಸುವ ಜೀನಿನ ಪ್ರತಿಗಳು ಬೇರೆ ಗಿಡಗಳಿಗಿಂತ ಜಾಸ್ತಿ ಅಂತ ಗೊತ್ತಾಯ್ತು. ಮತ್ತೆ ಇನ್ನೊಂದು ವಿಷಯ, ನೋಡ್ಲಿಕ್ಕೆ ಎಷ್ಟೇ ಒಂದೇ ಥರ ಇದ್ರೂ ಹಲಸಿಗೂ ದುರಿಯನ್‌ಗೂ ಸಂಬಂಧ ಇಲ್ಲ. ಹಲಸು ಅತ್ತಿ ಆಲದ ಕುಟುಂಬ, ದುರಿಯನ್ ದಾಸವಾಳ ಬೆಂಡೆ ಕುಟುಂಬ, ನಿಮ್ಮ ಅಡಿಕೆ ತೋಟದ ಕೊಕ್ಕೋ ಕೂಡ ಅದೇ ಕುಟುಂಬ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳ್ತೇನೆ.

ರೇಟಿನ ಇನ್ನೊಂದು ಕಾರಣ ಕೊಯ್ಲು. ಥಾಯ್ಲೆಂಡಿನಲ್ಲಿ ಮಾಂಥಾಂಗ್ ತಳಿಯ ದುರಿಯನನ್ನು ಬಲಿತ ಕೂಡ್ಲೇ ಮರದಿಂದ ಕೊಯ್ದು ಕಳಿಸ್ತಾರೆ, ದಾರಿಯಲ್ಲಿ ಹಣ್ಣಾಗ್ತದೆ. ಮಲೇಷ್ಯಾದವರು ಹಣ್ಣು ತಾನಾಗಿ ಬೀಳುವವರೆಗೆ ಕಾಯ್ತಾರೆ, ಮರದ ಕೆಳಗೆ ಬಲೆ ಕಟ್ಟಿರ್ತಾರೆ, ಬಿದ್ದ ಮೇಲೆ ಒಂದೆರಡು ದಿನದಲ್ಲಿ ತಿಂದ್ರೇ ಅದಕ್ಕೆ ಆ ರುಚಿ. ಇಂಥ ಹಣ್ಣನ್ನು ದೂರಕ್ಕೆ ಕಳಿಸುವುದು ಹೇಗೆ ಹೇಳಿ? ಚೀನಾದವರಿಗೆ ದುರಿಯನ್ ಹುಚ್ಚು ಹಿಡಿದಿದೆ, 2023ರಲ್ಲಿ ಹದಿನಾಲ್ಕು ಲಕ್ಷ ಟನ್ ತರಿಸಿಕೊಂಡ್ರು, ಆದ್ರೆ ಅಲ್ಲಿಗೆ ಮಲೇಷ್ಯಾದಿಂದ ಹೋಗ್ತಾ ಇದ್ದದ್ದು ಬರೀ ಫ್ರೋಜನ್, 2011ರಿಂದ ತಿರುಳು, 2019ರಿಂದ ಇಡೀ ಹಣ್ಣು. ತಾಜಾ ಹಣ್ಣಿಗೆ ಒಪ್ಪಂದ ಆದದ್ದು 2024ರ ಜೂನ್‌ನಲ್ಲಿ. ಬೇಡಿಕೆ ಅಷ್ಟು ದೊಡ್ಡದು, ತಳಿಯ ಹಣ್ಣು ಸಿಗುವುದು ಕಡಿಮೆ, ರೇಟು ಏರದೆ ಏನು ಮಾಡ್ತದೆ. ರೌಬ್ ಸುತ್ತ ಜನ ರಬ್ಬರ್ ಕಡಿದು ದುರಿಯನ್ ಹಾಕಿದ್ದು ಇದಕ್ಕೇ.

ಈ ರೇಟು ನಂಬಿ ನೀವು ಎಕರೆಗೆ ಎಕರೆ ಹಾಕ್ಬಾರ್ದು ಅಂತ ನಾನು ಹೇಳುವುದೂ ಇದಕ್ಕೇ. 2022ರಲ್ಲಿ ವಿಯೆಟ್ನಾಂಗೂ ಚೀನಾದ ಬಾಗಿಲು ತೆರೆಯಿತು, ಅಲ್ಲಿ ಕಾಫಿ ಕಿತ್ತು ದುರಿಯನ್ ಹಾಕಿದವರು ಎಷ್ಟೋ ಜನ, 2025ರ ಜನವರಿಯಲ್ಲಿ ಹಣ್ಣಿನಲ್ಲಿ ಬಣ್ಣದ ರಾಸಾಯನಿಕ ಮತ್ತು ಕ್ಯಾಡ್ಮಿಯಂ ಅಂತ ಚೀನಾ ತಪಾಸಣೆ ಬಿಗಿ ಮಾಡಿದ ಕೂಡ್ಲೇ ಲೋಡುಗಟ್ಲೆ ಹಣ್ಣು ಗಡಿಯಲ್ಲಿ ಸಿಕ್ಕಿಹಾಕಿಕೊಂಡಿತು. ಕಸಿ ಗಿಡ ಇವತ್ತು ಹಾಕಿದ್ರೆ ಫಲಕ್ಕೆ ನಾಲ್ಕೈದು ವರ್ಷವಾದ್ರೂ ಬೇಕು, ಆಗ ರೇಟು ಎಲ್ಲಿರ್ತದೆ ಅಂತ ಯಾರು ಹೇಳ್ಬಹುದು. ರೇಟು ಏರಿತು ಅಂತ ಎಲ್ಲರೂ ಹಾಕಿ, ಮತ್ತೆ ರೇಟು ಬಿದ್ದು ಕೈ ಸುಟ್ಟುಕೊಂಡ ವೆನಿಲಾದ ಕಥೆ ನಮ್ಮ ಜಿಲ್ಲೆಯವರಿಗೆ ನಾನು ನೆನಪು ಮಾಡ್ಬೇಕಾಗಿಲ್ಲ.

ಈಗ ನಮ್ಮ ಮಣ್ಣು. ದುರಿಯನ್ ಸೆಕೆ ಮತ್ತು ನೀರಿನ ಪಸೆ ಇರುವ ಜಾಗದ ಮರ, ಆ ಮಟ್ಟಿಗೆ ಕರಾವಳಿ ಆಗ್ತದೆ, ರಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಬಂದ ತೋಟದಲ್ಲಿ ಇದೂ ಬರ್ತದೆ, ದಕ್ಷಿಣ ಕನ್ನಡದಲ್ಲಿ ಬೆಳೆದು ಹಣ್ಣು ಮಾರುವವರೂ ಇದ್ದಾರೆ. ತೊಂದ್ರೆ ಇರುವುದು ಮಳೆ ಬರುವ ರೀತಿಯಲ್ಲಿ. ಮಲೇಷ್ಯಾದಲ್ಲಿ ಮಳೆ ವರ್ಷವಿಡೀ ಹಂಚಿ ಬರ್ತದೆ, ನಮ್ಮಲ್ಲಿ ಮೂರೂವರೆ ಸಾವಿರ ಮಿಲ್ಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗೀತದೆ, ಮತ್ತೆ ಮೇ ತನಕ ಒಣ. ಹೂ ಬಿಡ್ಲಿಕ್ಕೆ ಸ್ವಲ್ಪ ಒಣ ಹವೆ ಬೇಕು, ಅದು ಒಳ್ಳೆಯದೇ, ಆದ್ರೆ ಜನವರಿ ಫೆಬ್ರವರಿಯಲ್ಲಿ ಹೂ ಬಿಟ್ಟದ್ದು ಮೂರೂವರೆ ನಾಲ್ಕು ತಿಂಗಳಲ್ಲಿ ಹಣ್ಣಾಗುವುದು ಅಂದ್ರೆ ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ. ಹಲಸಿನ ಹಣ್ಣು ಮಳೆ ಬಿದ್ದ ಮೇಲೆ ನೀರು ನೀರು ಆಗುವುದು ನಿಮಗೆ ಗೊತ್ತುಂಟಲ್ಲ, ದುರಿಯನ್‌ಗೂ ಅದೇ ಗತಿ.

ಅದಕ್ಕಿಂತ ದೊಡ್ಡ ವೈರಿ ಕೊಳೆರೋಗ. ಫೈಟಾಫ್ತೊರಾ ಪಾಮಿವೋರಾ ಅನ್ನುವ ರೋಗಾಣು ದುರಿಯನ್ ಬೇರು, ಕಾಂಡ, ಹಣ್ಣು ಮೂರನ್ನೂ ಹಿಡೀತದೆ, ಕೊಕ್ಕೋ ಕಾಯಿ ಕಪ್ಪಾಗಿ ಕೊಳೆಯುವುದೂ ಇದೇ ರೋಗಾಣುವಿನಿಂದ, ಅಡಿಕೆಯ ಕೊಳೆರೋಗದ್ದು ಇದರ ದಾಯಾದಿ. ಅಂದ್ರೆ ಕೊಕ್ಕೋ ಇರುವ ತೋಟದಲ್ಲಿ ರೋಗ ಮೊದ್ಲೇ ಮನೆ ಮಾಡಿಕೊಂಡಿರ್ತದೆ, ನೀವು ಹೋಗಿ ಅದರ ಬಾಯಿಗೇ ಗಿಡ ಇಟ್ಟ ಹಾಗಾಗ್ತದೆ. ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದ್ರೆ ಸ್ವಲ್ಪ ತಡೀತದೆ, ಬುಡದಲ್ಲಿ ನೀರು ನಿಂತ್ರೆ ಯಾವ ಮದ್ದೂ ನಡೆಯುವುದಿಲ್ಲ. ಹಾಗಾಗಿ ತೋಟದ ತಗ್ಗು ಬೇಡ, ಕಣಿ ಬದಿಯೂ ಬೇಡ, ಗುಡ್ಡೆಯ ಇಳಿಜಾರಿನಲ್ಲಿ ಮುರಕಲ್ಲಿನ ಮೇಲೆ ಒಳ್ಳೆ ಮಣ್ಣು ದಪ್ಪಕ್ಕೆ ಇರುವ ಜಾಗ ನೋಡಿ, ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ, ಮೊದಲ ಎರಡು ವರ್ಷ ನೆರಳು ಕೊಡಿ, ಬೇಸಗೆಯಲ್ಲಿ ನೀರು ತಪ್ಪಿಸ್ಬೇಡಿ. ಮೂವತ್ತಡಿ ಅಂತರ ಬೇಕೇ ಬೇಕು. ಒಂದೇ ತಳಿ ಹಾಕ್ಬೇಡಿ, ತನ್ನದೇ ಪರಾಗದಿಂದ ಕಾಯಿ ಕಚ್ಚುವುದು ಇದಕ್ಕೆ ಕಷ್ಟ, ಜೊತೆಗೆ ಇನ್ನೊಂದೆರಡು ತಳಿ ಇರ್ಬೇಕು. ಹೂ ಅರಳುವುದು ಸಂಜೆ, ಪರಾಗ ಮುಟ್ಟಿಸುವುದು ಹೆಚ್ಚಾಗಿ ಬಾವಲಿ, ಬೆಳಗಾಗುವಾಗ ಎಸಳೆಲ್ಲ ಕೆಳಗೆ. ಮರದಲ್ಲಿ ಹಣ್ಣಿರುವಾಗ ಮಕ್ಕಳನ್ನು ಅಡಿಗೆ ಬಿಡ್ಬೇಡಿ, ಎರಡು ಕೆಜಿಯ ಮುಳ್ಳಿನ ಹಣ್ಣು ಎತ್ತರದಿಂದ ತಲೆ ಮೇಲೆ ಬಿದ್ರೆ ಜೀವಕ್ಕೇ ಅಪಾಯ.

ಮಗ ಬರುವಾಗ ಬ್ಯಾಗಲ್ಲಿ ಗಿಡ, ಕಸಿ ಕಡ್ಡಿ ತರ್ಲಿಕ್ಕೆ ದಯವಿಟ್ಟು ಹೇಳ್ಬೇಡಿ. ಆಮದು ಪರ್ಮಿಟ್ಟು, ಕ್ವಾರಂಟೈನ್ ತಪಾಸಣೆ ಇಲ್ಲದೆ ತರುವುದು ಕಾನೂನಿಗೆ ವಿರುದ್ಧ, ಗಿಡದ ಜೊತೆ ಇನ್ನೊಂದು ಹೊಸ ರೋಗ ಊರಿಗೆ ಬಂದ್ರೆ ಅನುಭವಿಸುವವರು ಸುತ್ತಲಿನ ಎಲ್ಲರೂ. ಇಲ್ಲಿನ ನರ್ಸರಿಯಲ್ಲಿ ತೆಗೊಳ್ಳಿ, ಮುಸಾಂಗ್ ಕಿಂಗ್ ಅಂತ ಚೀಟಿ ಕಟ್ಟಿದ್ದು ಮಾತ್ರ ನೋಡ್ಬೇಡಿ, ಅವ್ರ ತಾಯಿಮರ ಎಲ್ಲುಂಟು, ಹಣ್ಣು ಬಿಟ್ಟಿದೆಯಾ ಅಂತ ಕೇಳಿ, ಸಾಧ್ಯ ಆದ್ರೆ ಹೋಗಿ ನೋಡಿ.

ಮತ್ತೆ ನನಗೆ ಮನಸ್ಸಿನಲ್ಲಿ ಇರುವ ಒಂದು ಮಾತು ಹೇಳ್ಲೇಬೇಕು ಮಾರಾಯ್ರೆ. ನಿಮ್ಮ ಹಿತ್ಲಲ್ಲಿ, ನೆರೆಕರೆಯಲ್ಲಿ ಗಟ್ಟಿ ಸೊಳೆಯ ಬಕ್ಕೆ ಹಲಸಿನ ಎಂಥೆಂಥ ಮರ ಉಂಟು, ಒಂದರ ಸೊಳೆ ಕೆಂಪು, ಒಂದರದ್ದು ಮೇಣವೇ ಕಡಿಮೆ, ಒಂದು ಮಳೆ ಬಿದ್ರೂ ಸಪ್ಪೆ ಆಗುವುದಿಲ್ಲ. ಅದಕ್ಕೆ ಹೆಸ್ರಿಲ್ಲ, ಇಂಥವರ ಮನೆಯ ಮರ ಅಂತ ಮಾತ್ರ ಹೇಳ್ತೇವೆ, ರಸ್ತೆ ಅಗಲ ಮಾಡ್ಲಿಕ್ಕೆ ಜೆಸಿಬಿ ಬಂದ ದಿವಸ ತಳಿಯೂ ಹೋಯ್ತು. ತುಮಕೂರು ಜಿಲ್ಲೆಯ ಒಬ್ಬ ರೈತರ ಜಮೀನಿನ ಒಂದೇ ಒಂದು ಮರವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಗುರುತಿಸಿ ಸಿದ್ದು ಅಂತ ಹೆಸ್ರಿಟ್ಟು 2017ರಲ್ಲಿ ಆ ರೈತರ ಜೊತೆಯೇ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾರಾಟ ಶುರು ಮಾಡಿತು, ತಾಮ್ರಗೆಂಪು ಸೊಳೆ, ಸಣ್ಣ ಹಣ್ಣು, ಇವತ್ತು ರಾಜ್ಯದ ಹೊರಗಿನವರೂ ಗಿಡ ಕೇಳ್ತಾರೆ. ಮುಸಾಂಗ್ ಕಿಂಗ್‌ಗೆ ಮಲೇಷ್ಯಾದವರು ಮಾಡಿದ್ದೂ ಇದನ್ನೇ. ನಾಲ್ಕು ದುರಿಯನ್ ಹಾಕುವ ಗುಡ್ಡೆಯಲ್ಲಿ ನಿಮಗೆ ಗೊತ್ತಿರುವ ಅತಿ ಒಳ್ಳೆ ಹಲಸಿನ ಮರದ ಹತ್ತು ಕಸಿ ಕಟ್ಟಿ ಹಾಕಿ, ಅದಕ್ಕೆ ಮದ್ದೂ ಬೇಡ, ಹವೆಯ ಹೆದರಿಕೆಯೂ ಇಲ್ಲ.

ರುಚಿ ನೋಡದೆ ಗಿಡ ಹಾಕುವುದು ಬೇಡ ಅಂತಾದ್ರೆ ಫ್ರೋಜನ್ ಸಿಕ್ಕಿದಲ್ಲಿ ಒಂದು ಸಣ್ಣ ಪ್ಯಾಕ್ ತೆಗೊಳ್ಳಿ, ಮಲೇಷ್ಯಾ ಅಂತ, ಡಿ197 ಅಂತ ಬರೆದದ್ದು ನೋಡಿ, ಮುಸಾಂಗ್ ಕಿಂಗ್ ಫ್ಲೇವರ್ ಅಂತ ಬರೆದ ಐಸ್‌ಕ್ರೀಮಲ್ಲಿ ಹಣ್ಣಿನ ರುಚಿ ಗೊತ್ತಾಗುವುದಿಲ್ಲ. ಫ್ರಿಡ್ಜಲ್ಲಿ ಇಡುವಾಗ ಡಬ್ಬಿಗೆ ಗಟ್ಟಿ ಮುಚ್ಚಳ ಇರ್ಲಿ, ಇಲ್ಲದಿದ್ರೆ ಹಾಲು ಮೊಸರಿಗೆಲ್ಲ ವಾಸನೆ ಹಿಡೀತದೆ. ನೂರು ಗ್ರಾಮಿಗೆ ಸುಮಾರು 147 ಕ್ಯಾಲರಿ, 27 ಗ್ರಾಮ್ ಕಾರ್ಬೋಹೈಡ್ರೇಟ್, ಶುಗರ್ ಇದ್ದವರು ಒಂದು ಸೊಳೆಗೆ ನಿಲ್ಲಿಸ್ಬೇಕು, ಪೊಟ್ಯಾಸಿಯಂ ಜಾಸ್ತಿ ಇರುವ ಕಾರಣ ಕಿಡ್ನಿ ತೊಂದ್ರೆ ಇದ್ದವರು ಡಾಕ್ಟರ ಹತ್ರ ಕೇಳದೆ ಮುಟ್ಟುವುದೇ ಬೇಡ. ಬೀಜ ಮಣ್ಣಿಗೆ ಹಾಕಿ ಕಾಯ್ಬೇಡಿ, ಐಸಲ್ಲಿ ಇದ್ದ ಬೀಜ ಹುಟ್ಟುವುದಿಲ್ಲ, ತಾಜಾ ಬೀಜ ಹುಟ್ಟಿದ್ರೂ ಮುಸಾಂಗ್ ಕಿಂಗ್ ಆಗುವುದಿಲ್ಲ. ಹಲಸಿನ ಬೇಳೆಯ ಹಾಗೆ ಬೇಯಿಸಿ ತಿನ್ಬಹುದು, ಹಸಿಯಾಗಿ ಮಾತ್ರ ತಿನ್ಬಾರ್ದು.